ಹಳೇ ಮಾಳಿಗೆ, ಹೊಸ ಗಿರಾಕಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಸಣ್ಣ ಸೋಲಾರ್ ಅಂಗಡಿ ಇದೆ. ನಮ್ಮನೆಯವರು ಮಾಳಿಗೆ ಹತ್ತಿ ಕೆಲಸ ಮಾಡುತ್ತಾರೆ. ನಾನು ಕೆಳಗೆ ಕೂತು ಲೆಕ್ಕ, ಅರ್ಜಿ, ಫೋನು ನೋಡಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಬ್ಲೌಸ್ ಹೊಲಿದವಳು. ಈಗಲೂ ಹಬ್ಬ, ಮದುವೆ ಅಂದರೆ ಗುರುತಿನವರಿಗೆ ಹೊಲಿದುಕೊಡುತ್ತೇನೆ. ಉಳಿದ ದಿನ ಮಷೀನ್ ಮೇಲೆ ಕೇಬಲ್ ಸುರುಳಿ ಕೂತಿರುತ್ತದೆ.

ಕಳೆದ ತಿಂಗಳು ಜಗಳೂರು ಕಡೆಯ ಹುಡುಗನೊಬ್ಬ ಅಂಗಡಿಗೆ ಬಂದ. ಐಟಿಐ ಎಲೆಕ್ಟ್ರಿಷಿಯನ್ ಮಾಡಿದವನು. ನಮ್ಮ ಹತ್ತಿರವೇ ಆರು ತಿಂಗಳು ಕೆಲಸ ಕಲಿತು, ಸ್ವಂತ ಮಾಡ್ತೀನಿ ಅಂತ ಹೋಗಿದ್ದ. ಕೈಯಲ್ಲಿ ಗೋಣಿಚೀಲ. ಅದರಲ್ಲಿ ಡ್ರಿಲ್ಲಿಂಗ್ ಮಷೀನ್, ಕ್ರಿಂಪಿಂಗ್ ಟೂಲ್, ಉಳಿದ ಒಂದಿಷ್ಟು ಕ್ಲ್ಯಾಂಪು. "ಅಕ್ಕಾ, ಇವನ್ನ ನೀವೇ ಇಟ್ಕೊಳ್ರಿ. ಎಷ್ಟು ಕೊಟ್ರೂ ಸೈ" ಅಂದ.

ಚಹಾ ಕೊಟ್ಟು ಕೂರಿಸಿ ಕೇಳಿದೆ. ಗಿರಾಕಿ ಹುಡುಕುವುದಕ್ಕೆ ಅಂತಲೇ 65 ಸಾವಿರ ಕಳೆದುಕೊಂಡಿದ್ದಾನೆ. ಅರ್ಧ ಫೇಸ್‌ಬುಕ್ ಜಾಹೀರಾತಿಗೆ. ಇನ್ನರ್ಧ 'ಲೀಡ್' ಮಾರುವ ಒಂದು ಏಜೆನ್ಸಿಗೆ. ಲೀಡ್ ಅಂದರೆ ಬೇರೇನಿಲ್ಲ, ಮೊಬೈಲಿನಲ್ಲಿ ಸೋಲಾರ್ ಅಂತ ಎಲ್ಲೋ ಬೆರಳು ಒತ್ತಿದವರ ಹೆಸರು ಮತ್ತು ನಂಬರ್. 140 ನಂಬರ್ ಕೊಟ್ಟಿದ್ದರಂತೆ. ಅವೇ ನಂಬರುಗಳನ್ನು ಇನ್ನೂ ನಾಲ್ಕೈದು ಜನಕ್ಕೂ ಮಾರಿದ್ದರು. ಇವನು ಫೋನ್ ಮಾಡುವ ಹೊತ್ತಿಗೆ ಆ ಕಡೆಯವರು ಬೇಸತ್ತು ಬಯ್ಯುವುದಕ್ಕೇ ಕಾಯುತ್ತಿದ್ದರು. ಸಮಾಧಾನದಿಂದ ಮಾತಾಡಿದವರಲ್ಲಿ ಜಾಸ್ತಿ ಜನ ಬಾಡಿಗೆ ಮನೆಯವರು, ಇಲ್ಲವೇ ಕರೆಂಟ್ ಬಿಲ್ಲೇ ಬರದವರು, ಇಲ್ಲವೇ ಸರ್ಕಾರ ಪೂರ್ತಿ ಪುಕ್ಕಟೆ ಹಾಕಿಕೊಡುತ್ತೆ ಅಂತ ನಂಬಿದವರು. ಕೊನೆಗೆ ಹಾಕಿಸಿದ್ದು ಇಬ್ಬರು.

ನಾವು ಇಷ್ಟು ವರ್ಷದಲ್ಲಿ ಜಾಹೀರಾತಿಗೆ ದುಡ್ಡು ಕೊಟ್ಟದ್ದು ಒಂದೇ ಸಲ. ದುರ್ಗಮ್ಮನ ಜಾತ್ರೆಗೆ 2,200 ರೂಪಾಯಿ ಕೊಟ್ಟು ಬ್ಯಾನರ್ ಕಟ್ಟಿಸಿದ್ದೆವು. ಅದನ್ನು ನೋಡಿ ಬಂದೆ ಅಂತ ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ. ಬ್ಯಾನರ್ ಮಾತ್ರ ಗಟ್ಟಿ. ಮಳೆಗಾಲದಲ್ಲಿ ನಮ್ಮ ಗಾಡಿಗೆ ಹೊದಿಸುತ್ತೇವೆ.

"ಹಂಗಾದ್ರೆ ನಿಮಗೆ ಗಿರಾಕಿ ಎಲ್ಲಿಂದ ಬರ್ತಾರೆ ಅಕ್ಕಾ?" ಅಂತ ಹುಡುಗ ಕೇಳಿದ. ಅವತ್ತು ಅವನಿಗೆ ಒಂದೂವರೆ ತಾಸು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಹುಡುಗರು ನಮ್ಮಲ್ಲೂ ಇದ್ದಾರೆ, ಚಿತ್ರದುರ್ಗದಲ್ಲೂ ಇದ್ದಾರೆ. ಅಂಗಡಿ ಗುಟ್ಟನ್ನ ಪೇಪರಿಗೆ ಕೊಡ್ತೀಯಾ ಅಂತ ನಮ್ಮನೆಯವರು ಗೊಣಗಿದರು. ಗೊಣಗಲಿ.

ನಾವು ಮೊದಲು ಹಾಕುತ್ತಿದ್ದುದು ಬಿಸಿನೀರಿನ ಸೋಲಾರ್. ಕರೆಂಟಿನ ಸೋಲಾರ್‌ಗೆ ಮೊದಲ ಗಿರಾಕಿ ಸಿಕ್ಕಿದ್ದು ಹೊಲಿಗೆ ಮಷೀನ್ ಮುಂದೆ. ಸರಸ್ವತಿ ಬಡಾವಣೆಯ ಟೀಚರ್ ಒಬ್ಬರು ಅಳತೆ ಬ್ಲೌಸ್ ಕೊಡಲು ಬಂದಿದ್ದರು. ಚೀಲದಿಂದ ಬ್ಲೌಸ್ ತೆಗೆಯುವಾಗ ಬೆಸ್ಕಾಂ ಬಿಲ್ ಕೆಳಗೆ ಬಿತ್ತು. ಎತ್ತಿಕೊಡುವಾಗ ಕಣ್ಣು ಹಾಯಿಸಿದೆ. 260 ಯೂನಿಟ್, ಎರಡು ಸಾವಿರ ದಾಟಿತ್ತು. "ಪ್ರತಿ ತಿಂಗಳೂ ಇಷ್ಟೇನಾ ಟೀಚರ್?" ಅಂದೆ. ಅಷ್ಟೇ ಸಾಕಾಯಿತು. ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆ, ಎಸಿ ಹಾಕಿಸಿದ್ದಾನೆ, ಇನ್ನೂರು ದಾಟಿದ್ದಕ್ಕೆ ಗೃಹಜ್ಯೋತಿಯೂ ಹೋಯಿತು ಅಂತ ಹತ್ತು ನಿಮಿಷ ಹೇಳಿಕೊಂಡರು.

ಅವರ ಮನೆಗೆ 2 ಕಿಲೋವ್ಯಾಟ್ ಹಾಕಿದೆವು. ನಮ್ಮ ಕಡೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಎರಡಕ್ಕೆ ತಿಂಗಳಿಗೆ 240 ಬಂತು ಅನ್ನಿ. ಖರ್ಚು ಒಂದೂವರೆ ಲಕ್ಷದ ಹತ್ತಿರ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 60 ಸಾವಿರ ಸಬ್ಸಿಡಿ ನೇರ ಅವರ ಬ್ಯಾಂಕ್ ಖಾತೆಗೇ ಬಂತು. ಬಿಲ್ ಆರುನೂರರ ಆಸುಪಾಸಿಗೆ ಇಳಿಯಿತು. ಸೊನ್ನೆ ಆಗಲಿಲ್ಲ. ಯಾಕಂದರೆ ನಿಗದಿತ ಶುಲ್ಕ ಬಂದೇ ಬರುತ್ತದೆ. ಇದನ್ನು ನಾನು ಮೊದಲೇ ಹೇಳಿದ್ದೆ. ಹೇಳಿದ್ದು ಹೇಳಿದ ಹಾಗೇ ಆಗಿದ್ದಕ್ಕೆ ಆ ಟೀಚರ್ ತಮ್ಮ ಸ್ಟಾಫ್ ರೂಮಿನಲ್ಲಿ ಎರಡೂ ಬಿಲ್ ಪಕ್ಕಪಕ್ಕ ಇಟ್ಟು ತೋರಿಸಿದ್ದರು. ಅಲ್ಲಿಂದ ಮೂರು ಮನೆ ಬಂದವು.

ಅವತ್ತಿನಿಂದ ನಾನು ಸೋಲಾರ್ ಅನ್ನುವ ಮಾತನ್ನೇ ಮೊದಲು ಎತ್ತುವುದಿಲ್ಲ. ಬಿಲ್ ಕೇಳುತ್ತೇನೆ. ಮನೆಯ ಬಿಲ್ ಎಲ್ಲಿದೆ ಅಂತ ಗಂಡಸರಿಗೆ ಗೊತ್ತೇ ಇರುವುದಿಲ್ಲ. ಅಡುಗೆಮನೆಯ ಸಾಸಿವೆ ಡಬ್ಬಿ ಕೆಳಗೋ, ದೇವರ ಕ್ಯಾಲೆಂಡರ್ ಹಿಂದಿನ ಮೊಳೆಗೋ ಸಿಗುತ್ತದೆ. ಅದು ಗೊತ್ತಿರುವುದು ಹೆಂಗಸರಿಗೆ. ನಮ್ಮ ಕಸುಬಿನ ಹುಡುಗರು ಮಾತಾಡುವುದು ಮಾತ್ರ ಯಜಮಾನರ ಜೊತೆ. ಯಜಮಾನರು "ಆಮೇಲೆ ನೋಡಾಣ" ಅಂತಾರೆ, ಮುಗೀತು.

ಬಿಲ್ ನೋಡಿದ ಮೇಲೆ ಇನ್ನೊಂದು ಕೆಲಸ ಇದೆ. ಬೇಡ ಅನ್ನುವುದು. ಇದನ್ನು ಹೇಳಿದಾಗ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ನಮ್ಮ ರಾಜ್ಯದಲ್ಲಿ 2023ರ ಜುಲೈಯಿಂದ ಗೃಹಜ್ಯೋತಿ ಇದೆ. ಹಿಂದಿನ ಒಂದು ವರ್ಷದ ಸರಾಸರಿಗೆ ಶೇ 10 ಸೇರಿಸಿ, 200 ಯೂನಿಟ್ ಒಳಗಿದ್ದವರಿಗೆ ಬಿಲ್ ಇಲ್ಲ. ತಿಂಗಳಿಗೆ 80, 90 ಯೂನಿಟ್ ಸುಡುವ ಮನೆಗೆ ಹೋಗಿ ಲಕ್ಷಗಟ್ಟಲೆ ಖರ್ಚು ಮಾಡಿಸಿ ಏನನ್ನು ಉಳಿಸಿಕೊಡುತ್ತೀರಿ? ಇಲ್ಲದ ಬಿಲ್ ಇಳಿಸುವುದು ಹೇಗೆ? ಪಿ.ಜೆ. ಬಡಾವಣೆಯ ಒಬ್ಬ ರಿಟೈರ್ಡ್ ಮೇಷ್ಟ್ರು ದುಡ್ಡು ಹಿಡಿದುಕೊಂಡೇ ಅಂಗಡಿಗೆ ಬಂದಿದ್ದರು. ಗಂಡ ಹೆಂಡತಿ ಇಬ್ಬರೇ, ಸೊನ್ನೆ ಬಿಲ್. "ನಿಮಗೆ ಬೇಡ ಮೇಷ್ಟ್ರೇ, ಎಫ್‌ಡಿ ಇಡ್ರಿ" ಅಂದೆ. ಆ ಮೇಷ್ಟ್ರು ಇಲ್ಲಿವರೆಗೆ ಐದು ಜನರನ್ನು ಕಳಿಸಿದ್ದಾರೆ. ಎರಡು ಹಳೇ ಶಿಷ್ಯರ ಮನೆ, ಒಂದು ಪಿ.ಜಿ., ಒಂದು ಬೇಕರಿ, ಇನ್ನೊಂದು ಅವರ ಬೀಗರದು. ಪಿ.ಜಿ., ಬೇಕರಿಗೆಲ್ಲ ಈ ಸಬ್ಸಿಡಿ ಇಲ್ಲ. ಆದರೂ ಅವರ ಬಿಲ್ ದೊಡ್ಡದು, ಲೆಕ್ಕ ಕೂಡಿಬರುತ್ತದೆ.

ಸಬ್ಸಿಡಿ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಿಎಂ ಸೂರ್ಯ ಘರ್ 2024ರ ಫೆಬ್ರುವರಿಯಲ್ಲಿ ಶುರುವಾದ ಯೋಜನೆ. 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಜಾಸ್ತಿಗೆ 78 ಸಾವಿರ. 5 ಹಾಕಿಸಿದರೂ ಅಷ್ಟೇ. ಪ್ಯಾನೆಲ್ ನಮ್ಮ ದೇಶದಲ್ಲೇ ಮಾಡಿದ ಸೆಲ್‌ನದ್ದಾಗಿರಬೇಕು. ನಮ್ಮ ಕಸುಬಿನಲ್ಲಿ ಡಿಸಿಆರ್ ಅಂತೀವಲ್ಲ, ಅದು. ಬೇರೆಯದು ಅಗ್ಗ ಸಿಗುತ್ತದೆ, ಸಬ್ಸಿಡಿ ಸಿಗಲ್ಲ. ಕೆಲವರು ಸಬ್ಸಿಡಿ ಕಳೆದು ಉಳಿದ ರೇಟನ್ನಷ್ಟೇ ಗಿರಾಕಿಗೆ ಹೇಳುತ್ತಾರೆ. ಆಮೇಲೆ ಪೂರ್ತಿ ದುಡ್ಡು ಮೊದಲೇ ಕಟ್ಟಿ ಅಂದಾಗ ಜಗಳ ಶುರು. ನಾನು ಚೀಟಿಯಲ್ಲಿ ಮೂರು ಸಾಲು ಬರೆದುಕೊಡುತ್ತೇನೆ. ನೀವು ನಮಗೆ ಕೊಡುವುದು ಇಷ್ಟು, ಸರ್ಕಾರ ನಿಮಗೆ ಕೊಡುವುದು ಇಷ್ಟು, ಕೊನೆಗೆ ನಿಮ್ಮ ಕೈಯಿಂದ ಹೋಗುವುದು ಇಷ್ಟು. ಆ ಚೀಟಿ ಮನೆಯಿಂದ ಮನೆಗೆ ಓಡಾಡುತ್ತದೆ. ನನ್ನ ಕೈಬರಹದ ಚೀಟಿಯನ್ನು ಹೊನ್ನಾಳಿಯಿಂದ ಬಂದ ಗಿರಾಕಿ ಜೇಬಿನಿಂದ ತೆಗೆದು ತೋರಿಸಿದ್ದೂ ಇದೆ.

ನಮಗೆ ಅತಿ ಹೆಚ್ಚು ಗಿರಾಕಿ ತಂದುಕೊಟ್ಟ ಕೆಲಸ ಯಾವುದು ಗೊತ್ತಾ? ಸೋಲಾರ್ ಅಲ್ಲವೇ ಅಲ್ಲ. ಬಿಲ್ಲಿನಲ್ಲಿ ಹೆಸರು ಬದಲಾಯಿಸಿಕೊಡುವುದು. ಈ ಊರಿನಲ್ಲಿ ಎಷ್ಟು ಮನೆಯ ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ಇನ್ನೂ ತೀರಿಹೋದ ಅಪ್ಪನ, ಅಜ್ಜನ ಹೆಸರಲ್ಲಿದೆ ಅಂತ ನೋಡಿದರೆ ಗಾಬರಿ ಆಗುತ್ತದೆ. ಬಿಲ್ ಕಟ್ಟುವಾಗ ಯಾರೂ ಹೆಸರು ನೋಡುವುದಿಲ್ಲ, ಅಲ್ವಾ? ಆದರೆ ಸಬ್ಸಿಡಿಗೆ ಅರ್ಜಿ ಹಾಕುವಾಗ ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದಬೇಕು. ಕೆ.ಟಿ.ಜೆ. ನಗರದ ಒಂದು ಮನೆಯಲ್ಲಿ ಮೀಟರ್ ಅಜ್ಜನ ಹೆಸರಲ್ಲಿತ್ತು. ಅಜ್ಜ ತೀರಿ ಇಪ್ಪತ್ತೆರಡು ವರ್ಷ. ಮೂವರು ಮಕ್ಕಳು, ಅದರಲ್ಲಿ ಇಬ್ಬರ ನಡುವೆ ಮಾತಿಲ್ಲ. ಬೇರೆ ಕಂಪನಿಯವರು ಇಬ್ಬರು ಬಂದು, ಹೆಸರು ಸರಿಮಾಡಿಸಿಕೊಂಡು ಫೋನ್ ಮಾಡ್ರಿ ಅಂತ ಹೇಳಿ ಹೋಗಿದ್ದರು.

ನಾನು ಮರಣ ಪ್ರಮಾಣ ಪತ್ರ ಹುಡುಕಿಸಿದೆ. ವಂಶವೃಕ್ಷಕ್ಕೆ ಅರ್ಜಿ ಬರೆದೆ. ಅಣ್ಣ ತಮ್ಮಂದಿರ ಒಪ್ಪಿಗೆ ಪತ್ರಕ್ಕೆ ಆ ಮನೆಯ ಸೊಸೆಯನ್ನು ಕರೆದುಕೊಂಡು ಇಬ್ಬರ ಮನೆಗೂ ಹೋದೆ. ಒಬ್ಬರು ಚಹಾನೂ ಕೊಡಲಿಲ್ಲ, ಸಹಿ ಮಾತ್ರ ಹಾಕಿದರು. ಎರಡು ತಿಂಗಳು ಹಿಡಿಯಿತು. ಇದಕ್ಕೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಓಡಾಟದ ಪೆಟ್ರೋಲ್ ನಮ್ಮದೇ. ಜಾಹೀರಾತಿನ ಖರ್ಚು ಅಂತ ಬೇಕಾದರೆ ಬರೆದುಕೊಳ್ಳಿ. ಈಗ ಆ ಬೀದಿಯಲ್ಲಿ ನಮ್ಮ ಕೆಲಸ ಏಳು ಮಾಳಿಗೆ ಮೇಲಿದೆ. ಸೋಲಾರ್ ಬೇಡದವರೂ ಹೆಸರು ಬದಲಾವಣೆಗೆ ನನ್ನ ಹತ್ತಿರ ಬರುತ್ತಾರೆ. ಬರಲಿ. ಅವರಿಗೂ ಅಳಿಯಂದಿರು ಇದ್ದಾರೆ.

ಇನ್ನು ಹಳೇ ಮಾಳಿಗೆಗಳ ವಿಷಯ. ಬಿಲ್ ಕೊಟ್ಟು, ದುಡ್ಡು ಇಸಿದುಕೊಂಡು, ಗಾಡಿ ತಿರುಗಿಸಿದರೆ ಮತ್ತೆ ಆ ಬೀದಿಗೆ ಕಾಲಿಡದವರೇ ನಮ್ಮ ಕಸುಬಿನಲ್ಲಿ ಜಾಸ್ತಿ. ನಾವು ಮೊದಲ ವರ್ಷ ನಾಲ್ಕು ಸಲ ಹೋಗಿ ಪ್ಯಾನೆಲ್ ತೊಳೆದುಕೊಡುತ್ತೇವೆ. ದಾವಣಗೆರೆಯ ಧೂಳು ಒಂದೇ ತರಹದ್ದಲ್ಲ. ಮಂಡಕ್ಕಿ ಭಟ್ಟಿ ಕಡೆಯ ಮನೆಗಳಿಗೆ ಮಸಿ ಕೂರುತ್ತದೆ. ಬೆರಳಿಟ್ಟರೆ ಎಣ್ಣೆ ಹತ್ತಿದ ಹಾಗೆ, ಸುಮ್ನೆ ನೀರು ಹೊಡೆದರೆ ಹೋಗಲ್ಲ, ಮೆತ್ತನೆ ಬಟ್ಟೆ ಬೇಕು. ಅಕ್ಕಿ ಗಿರಣಿ ಹತ್ತಿರ ಹೊಟ್ಟಿನ ಪುಡಿ. ಬೈಪಾಸ್ ಪಕ್ಕ ಬರೀ ಮಣ್ಣು. ಬೋರ್ ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ. ಸೀಸೆಯಂಥ ಗಾಜು ಆರು ತಿಂಗಳಲ್ಲಿ ಮಜ್ಜಿಗೆ ಲೋಟದ ಹಾಗೆ ಆಗುತ್ತದೆ. ಅದಕ್ಕೆ ನಲ್ಲಿ ನೀರೇ ಆಗಬೇಕು, ಭದ್ರಾ ನೀರು. ಅದೂ ಬೆಳಿಗ್ಗೆ ಏಳರೊಳಗೆ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಬೆಳಿಗ್ಗೆ ಏಳಕ್ಕೆ ಮಾಳಿಗೆ ಮೇಲೆ ಒಬ್ಬ ಮನುಷ್ಯ ಪ್ಯಾನೆಲ್ ಒರೆಸುತ್ತಾ ನಿಂತರೆ ಅಕ್ಕಪಕ್ಕದ ನಾಲ್ಕು ಮಾಳಿಗೆಯಿಂದ ಜನ ನೋಡುತ್ತಾರೆ. ಬಟ್ಟೆ ಒಣಹಾಕಲು ಬಂದವರು, ತುಳಸಿಗೆ ನೀರು ಹಾಕುವವರು, ವಾಕಿಂಗ್ ಮಾಡುವ ಅಜ್ಜಂದಿರು. "ಏನ್ರೀ, ಎಷ್ಟು ಬರುತ್ತೆ ಅದರಿಂದ?" ಅಂತ ಕೇಳೇ ಕೇಳುತ್ತಾರೆ. ನಮ್ಮನೆಯವರು ಮಾತು ಕಡಿಮೆ. "ಮನೆಯವರನ್ನೇ ಕೇಳ್ರಿ" ಅಂತಾರೆ. ಅದೇ ಒಳ್ಳೆಯದಾಯಿತು. ಮನೆಯವರು ಹೇಳಿದ್ದನ್ನು ಜನ ನಂಬುತ್ತಾರೆ, ನಾವು ಹೇಳಿದ್ದನ್ನು ಅಲ್ಲ.

ತಪ್ಪು ಮಾಡಿಲ್ಲವಾ ಅಂತ ಕೇಳಿದರೆ, ಮಾಡಿದ್ದೇವೆ. ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಮನೆ. ಎಲ್ಲ ಚೆನ್ನಾಗಿ ಆಯಿತು. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಫೋನ್. "ನೆತ್ತಿ ಮೇಲೆ ಬಿಸಿಲು ಉರೀತಾ ಇದೆ, ಮನೇಲಿ ಫ್ಯಾನ್ ತಿರುಗ್ತಿಲ್ಲ. ಇದೇನಮ್ಮಾ ನಿಮ್ಮ ಸೋಲಾರ್?" ಏರಿಯಾದಲ್ಲಿ ಕರೆಂಟ್ ತೆಗೆದಿದ್ದರು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಬೆಸ್ಕಾಂ ಲೈನಿಗೇ ಜೋಡಿಸಿದ್ದು, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯಿಂದ ಹೋದ ಕರೆಂಟ್ ಹೊಡೆಯುತ್ತದೆ. ಇದು ನಮಗೆ ಎಷ್ಟು ಮಾಮೂಲಿ ಅಂದರೆ ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಆ ಮನೆಯವರು ಕೆಟ್ಟವರಲ್ಲ. ಮೋಸ ಹೋದೆ ಅಂತ ಅಂದುಕೊಂಡರು. ಅವರ ತಂಗಿ ಮನೆಗೂ ಎದುರು ಮನೆಗೂ ಅಳತೆ ತೆಗೆದು ಬಂದಿದ್ದೆವು. ಎರಡೂ ಕೈತಪ್ಪಿದವು.

ಈಗ ಮೊದಲ ದಿನವೇ ಐದು ಮಾತು ಹೇಳುತ್ತೇನೆ, ಕೆಲಸ ಹೋದರೂ ಹೋಗಲಿ ಅಂತ. ಕರೆಂಟ್ ಹೋದರೆ ಇದೂ ಹೋಗುತ್ತದೆ. ಜುಲೈ, ಆಗಸ್ಟ್ ಮೋಡದಲ್ಲಿ ಯೂನಿಟ್ ಇಳಿಯುತ್ತದೆ. ಬಿಲ್ ಸೊನ್ನೆ ಆಗಲ್ಲ. ಪಕ್ಕದವರು ನಾಳೆ ಇನ್ನೊಂದು ಮಹಡಿ ಎಬ್ಬಿಸಿದರೆ ನೆರಳು ಬೀಳುತ್ತದೆ. ಜಾಸ್ತಿ ಕರೆಂಟ್ ಮಾರಿ ದುಡ್ಡು ಮಾಡ್ತೀನಿ ಅಂತ ದೊಡ್ಡದು ಹಾಕಿಸಬೇಡಿ. ನೀವು ಕೊಳ್ಳುವ ದರಕ್ಕಿಂತ ಬೆಸ್ಕಾಂನವರು ಕೊಡುವ ದರ ಕಡಿಮೆ. ಇಷ್ಟು ಕೇಳಿಯೂ ಹಾಕಿಸಿದವರು ಆಮೇಲೆ ಜಗಳಕ್ಕೆ ಬಂದಿಲ್ಲ.

ಮೇಸ್ತ್ರಿಗಳ ಬಗ್ಗೆ ಹುಡುಗ ಕೇಳಿದ. ಒಂದು ಮನೆ ಕಳಿಸಿದರೆ ಐದು ಸಾವಿರ ಕೊಡ್ತೀನಿ ಅಂತ ಅವನು ಇಬ್ಬರು ಮೇಸ್ತ್ರಿಗಳಿಗೆ ಹೇಳಿದ್ದನಂತೆ. ನಾವು ಕಮಿಷನ್ ಕೊಡುವುದಿಲ್ಲ. ಕೊಟ್ಟರೆ ಅದು ಮನೆಯವರ ಬಿಲ್ಲಿನಲ್ಲೇ ಸೇರಬೇಕು ತಾನೇ? ಅದೂ ಜಾಹೀರಾತಿನ ದುಡ್ಡೇ, ಹೆಸರು ಬೇರೆ. ಬದಲಿಗೆ ಒಂದು ಕೆಲಸ ಮಾಡುತ್ತೇವೆ. ಹೊಸ ಮನೆಗೆ ಮೋಲ್ಡ್ ಹಾಕುವ ಮುಂಚೆ ಮೇಸ್ತ್ರಿ ಫೋನ್ ಮಾಡಿದರೆ ನಮ್ಮನೆಯವರು ಹೋಗಿ, ಮಾಳಿಗೆಯಿಂದ ಮೀಟರ್ ಬೋರ್ಡ್‌ವರೆಗೆ ಒಂದು ಪೈಪ್ ಬಿಡಿಸಿ ಬರುತ್ತಾರೆ. ನೀರಿನ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಲು ಹೇಳುತ್ತಾರೆ. ನಮ್ಮ ಕಡೆ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಬೇಕು. ಟ್ಯಾಂಕ್ ದಕ್ಷಿಣದಲ್ಲಿ ಕೂತರೆ ಅದರ ನೆರಳು ವರ್ಷದ ಹೆಚ್ಚು ದಿನ ಕಾಡುತ್ತದೆ. ವಾಸ್ತು ನೋಡುವವರ ಜೊತೆ ಇದಕ್ಕೆ ಒಂದೆರಡು ಸಲ ವಾದವೂ ಆಗಿದೆ. ಮುಂದೆ ಸೋಲಾರ್ ಹಾಕಿಸುತ್ತಾರೋ ಬಿಡುತ್ತಾರೋ, ಗೋಡೆ ಕೊರೆಯುವ ಕೆಲಸ ಉಳಿಯಿತು ಅಂತ ಮನೆಯವರು ಮೇಸ್ತ್ರಿಯನ್ನು ಹೊಗಳುತ್ತಾರೆ. ಮೇಸ್ತ್ರಿ ನಮ್ಮನ್ನು ನೆನೆಸುತ್ತಾನೆ.

ಹಳ್ಳಿ ಕಡೆ ಲೆಕ್ಕವೇ ಬೇರೆ. ರೈತರ ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಕರೆಂಟ್ ಪುಕ್ಕಟೆ, ಮನೆಗೆ ಗೃಹಜ್ಯೋತಿ. ಅಲ್ಲಿ ಯಾರಿಗೆ ಮಾರುತ್ತೀರಿ ಅಂತ ಕೇಳಬಹುದು. ನಮಗೆ ದಾರಿ ತೋರಿಸಿದ್ದು ಸಂತೇಬೆನ್ನೂರು ಕಡೆಯ ಒಂದು ಹಿಟ್ಟಿನ ಗಿರಣಿ. ಗಿರಣಿ ಓಡುವುದು ಹಗಲು, ಬಿಸಿಲು ಇರುವುದೂ ಹಗಲು. ಅಲ್ಲಿ 5 ಕಿಲೋವ್ಯಾಟ್ ಹಾಕಿದೆವು. ಇನ್ವರ್ಟರನ್ನು ಒಳಗಿನ ಕೋಣೆಯಲ್ಲಿ ಇಡೋಣ ಅಂತಿದ್ದರು. ನಾನು ಬೇಡ, ಹಿಟ್ಟು ಹಾರದ ಹಾಗೆ ಹೊರ ಜಗುಲಿಯ ಗೋಡೆಗೆ ಹಾಕಿ ಅಂದೆ. ಹಿಟ್ಟಿನ ಪುಡಿ ಅದಕ್ಕೆ ಒಳ್ಳೆಯದಲ್ಲ, ಅದು ನಿಜವಾದ ಕಾರಣ. ಇನ್ನೊಂದು ಕಾರಣ ನನ್ನ ಹೊಟ್ಟೆಯಲ್ಲಿತ್ತು. ಜೋಳ, ರಾಗಿ ಡಬ್ಬಿ ಇಟ್ಟುಕೊಂಡು ಊರಿನ ಹೆಂಗಸರೆಲ್ಲ ಅರ್ಧ ತಾಸು ಕೂರುವುದು ಅದೇ ಜಗುಲಿ ಮೇಲೆ. ಗೋಡೆ ಮೇಲಿನ ಇನ್ವರ್ಟರಿನಲ್ಲಿ ಯೂನಿಟ್ ಏರುವುದನ್ನು ನೋಡುತ್ತಾ ಕೂರುತ್ತಾರೆ. ಗಿರಣಿಯಮ್ಮ ಎಲ್ಲರಿಗೂ ಲೆಕ್ಕ ಒಪ್ಪಿಸುತ್ತಾರೆ. ಆ ಊರಿನಿಂದ ಒಂದು ಕಿರಾಣಿ ಅಂಗಡಿ, ಒಂದು ಕೂಡುಕುಟುಂಬದ ಮನೆ ಬಂದವು. ಹಾಲಿನ ಡೇರಿ ಕಾರ್ಯದರ್ಶಿ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಒಂದು ವರ್ಷದಿಂದ ಯೋಚನೆ ಮಾಡುತ್ತಿದ್ದಾರೆ. ಇರಲಿ.

ಚಿತ್ರದುರ್ಗದಲ್ಲಿ ನಮ್ಮ ಕೆಲಸ ಕಡಿಮೆ, ಹತ್ತಿಪ್ಪತ್ತು ಮನೆ ಅಷ್ಟೇ. ಅಲ್ಲಿ ಗಾಳಿಗೆ ಪ್ಯಾನೆಲ್ ನಿಲ್ಲಿಸುವ ಸ್ಟ್ರಕ್ಚರ್ ಗಟ್ಟಿ ಬೇಕು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರಲ್ಲವೇ? ಅರ್ಥಿಂಗ್ ಇನ್ನೂ ಕಷ್ಟ. ನಮ್ಮಲ್ಲಿ ಎರೆ ಮಣ್ಣು, ಗುಂಡಿ ತೋಡಿದರೆ ರೀಡಿಂಗ್ ಸುಲಭಕ್ಕೆ ಬರುತ್ತದೆ. ಅಲ್ಲಿ ಮೂರಡಿಗೆ ಬಂಡೆ. ಒಬ್ಬರ ಮನೆಯಲ್ಲಿ ಮೂರು ಕಡೆ ತೋಡಿದೆವು. ಮನೆಯವರು ಸಾಕು ಬಿಡ್ರಿ ಅಂದರು. ನಮ್ಮನೆಯವರು ಬಿಡಲಿಲ್ಲ. ಆ ಹಟ ನೋಡಿಯೇ ಎದುರು ಮನೆಯ ಗುಮಾಸ್ತರು ಅವತ್ತು ಸಂಜೆ ಬಿಲ್ ತಂದು ತೋರಿಸಿದರು. ಚಿತ್ರದುರ್ಗದವರು ನನಗೆ ಮೊದಲು ಕೇಳುವ ಪ್ರಶ್ನೆ ಮಾತ್ರ ಕೋತಿಗಳದ್ದು.

ದುಡ್ಡಿಲ್ಲದೆ ಆಗುವ ಇನ್ನೂ ಕೆಲವು ಇವೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವುದಕ್ಕೆ ಕಾಸು ಕೇಳುವುದಿಲ್ಲ. ಕೆಲಸದ ಫೋಟೊ ಹಾಕಬಹುದು. ಮನೆಯವರು ತಾವಾಗಿ ಎರಡು ಸಾಲು ಬರೆದರೆ ಪರವೂರಿನವರಿಗೆ ಧೈರ್ಯ ಬರುತ್ತದೆ. ನಾನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಬ್ಬದ ಶುಭಾಶಯ ಹಾಕುವುದಿಲ್ಲ. ನಮ್ಮ ಮನೆ ಮಾಳಿಗೆಯ ಅವತ್ತಿನ ಯೂನಿಟ್ ಹಾಕುತ್ತೇನೆ. ಬಿಸಿಲಿನ ದಿನ 9.1, ಮೋಡದ ದಿನ 3.4. ಮೋಡದ ದಿನದ್ದನ್ನೂ ಹಾಕುವುದರಿಂದಲೇ ಜನ ನೋಡುತ್ತಾರೆ ಅನ್ನಿಸುತ್ತದೆ.

ಹಳೇ ಕೊಟೇಶನ್ ಪುಸ್ತಕ ಬಿಸಾಡಬೇಡ ಅಂತಲೂ ಹುಡುಗನಿಗೆ ಹೇಳಿದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತಲ್ಲ, ಆ ವಾರ ನಾನು ರೇಟ್ ಕೇಳಿ ಸುಮ್ಮನಾಗಿದ್ದ 31 ಜನಕ್ಕೆ ಫೋನ್ ಮಾಡಿದೆ. ನಿಮ್ಮ ರೇಟ್ ಇಷ್ಟು ಇಳಿದಿದೆ, ಹಳೇ ಚೀಟಿ ಹರಿದುಹಾಕಿ ಅಂದೆ. ಹಾಕಿಸಿ ಅಂತ ಒಂದು ಮಾತೂ ಹೇಳಲಿಲ್ಲ. ಎಂಟು ಜನ ಹಾಕಿಸಿದರು. ಆ ಹುಡುಗ ಕೊಂಡ 140 ನಂಬರಿಗಿಂತ ನನ್ನ 31 ಹೆಸರು ವಾಸಿ, ಅವೂ ಪುಕ್ಕಟೆ.

ಇದು ನಾವು ಕಂಡುಹಿಡಿದ ಹೊಸ ವಿದ್ಯೆ ಏನಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಅನ್ನುವ ಸೋಲಾರ್ ಕಂಪನಿಯವರು ಕರೆಂಟ್ ಕಾಣದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ್ದು ಬ್ಯಾಂಕ್ ಸಾಲ ಕೊಡಿಸಿ, ಹತ್ತಿರದಲ್ಲೇ ಸರ್ವಿಸ್ ಕೊಟ್ಟು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಂಥವರಿಗೆ ಮನೆ ಮನೆ ಗಿರಾಕಿ ಹುಡುಕುವ ಚಿಂತೆ ಇಲ್ಲ. ಚಿಂತೆ ಇರುವುದು ಎರಡು, ಮೂರು ಕಿಲೋವ್ಯಾಟ್ ಹಾಕುವ ನಮ್ಮಂಥವರಿಗೆ.

ಸಂಪಾದಕರೇ, ನಿಮ್ಮ ಪತ್ರಿಕೆ ಮೂಲಕ ಎರಡು ಕಡೆಗೆ ಮಾತು ಮುಟ್ಟಿಸಬೇಕಿತ್ತು. ಒಂದು, ಗ್ರಾಮ ಪಂಚಾಯ್ತಿ ಮತ್ತು ಪಾಲಿಕೆಯವರಿಗೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿಮ್ಮ ವ್ಯಾಪ್ತಿಯಲ್ಲಿ ಸೋಲಾರ್ ಹಾಕಿದ ಒಂದೊಂದು ಮನೆಗೂ ನಿಮಗೆ 1,000 ರೂಪಾಯಿ ಪ್ರೋತ್ಸಾಹಧನಕ್ಕೆ ಅವಕಾಶ ಇದೆ. ಗ್ರಾಮಸಭೆಯಲ್ಲಿ ಹದಿನೈದು ನಿಮಿಷ ಕೊಡಿ. ನಮಗೇ ಕೊಡಿ ಅಂತಲ್ಲ. ನೋಂದಣಿ ಆದ ನಿಮ್ಮ ಸುತ್ತಿನ ಹುಡುಗರನ್ನೆಲ್ಲ ಕರೆಯಿರಿ. ಊರಲ್ಲಿ ಈಗಾಗಲೇ ಹಾಕಿಸಿದ ಒಬ್ಬರು ಬಿಲ್ ತಂದು ಓದಲಿ. ಭಾಷಣ ಬೇಡ. ನಾನು ಒಂದೇ ಒಂದು ಗ್ರಾಮಸಭೆಗೆ ಹೋಗಿದ್ದೇನೆ. ಅಲ್ಲಿ ಬಂದ ಮೊದಲ ಪ್ರಶ್ನೆಯೇ ಹೆಸರು ಬದಲಾವಣೆಯದ್ದು.

ಎರಡನೆಯದು ಮನೆಯವರಿಗೆ. ಮೊಬೈಲಿನಲ್ಲಿ ಬಂದ ಜಾಹೀರಾತಿಗೆ ನಂಬರ್ ಕೊಡಬೇಡಿ. ಆಮೇಲೆ ತಿಂಗಳುಗಟ್ಟಲೆ ಫೋನ್ ನಿಲ್ಲುವುದಿಲ್ಲ. ಯಾರೇ ಬಂದರೂ ಅವರು ಒಂದೆರಡು ವರ್ಷ ಹಿಂದೆ ಹಾಕಿದ ಮಾಳಿಗೆ ತೋರಿಸಿ ಅನ್ನಿ. ಅಲ್ಲಿ ಹತ್ತಿ ನೋಡಿ. ನಟ್ಟು ತುಕ್ಕು ಹಿಡಿದಿದೆಯಾ, ಕೇಬಲ್ ಬಿಸಿಲಿಗೆ ಜೋತುಬಿದ್ದಿದೆಯಾ, ಅರ್ಥಿಂಗ್ ಗುಂಡಿಗೆ ಮುಚ್ಚಳ ಇದೆಯಾ. ಆಮೇಲೆ ಆ ಮನೆಯ ಹೆಂಗಸರನ್ನು ಕೇಳಿ, ಇವರು ಫೋನ್ ಎತ್ತುತ್ತಾರಾ ಅಂತ. ನಮ್ಮ ಬಗ್ಗೆಯೂ ಹಾಗೇ ಕೇಳಿ. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಕೇಳಿದರೆ ಸ್ವಲ್ಪ ಬೈಗುಳವೂ ಸಿಗಬಹುದು.

ಹುಡುಗನ ಸಾಮಾನು ನಾನು ಕೊಳ್ಳಲಿಲ್ಲ. ಗೋಣಿಚೀಲ ಇಲ್ಲೇ ಇರಲಿ, ಬೇಕಾದಾಗ ಒಯ್ಯಿ ಅಂದೆ. ಅವನು ಹಾಕಿದ್ದ ಆ ಎರಡು ಮನೆಗಳಲ್ಲಿ ಒಂದಕ್ಕೆ ಹೋಗಿ ಭಾನುವಾರ ಬೆಳಿಗ್ಗೆ ಪ್ಯಾನೆಲ್ ತೊಳೆದು ಬಾ ಅಂತ ಕಳಿಸಿದೆ. ಮೊನ್ನೆ ಫೋನ್ ಮಾಡಿದ್ದ. ತೊಳೆಯುವಾಗ ಪಕ್ಕದ ಮನೆಯವರು ಕರೆದು ಬಿಲ್ ತೋರಿಸಿದರಂತೆ. 92 ಯೂನಿಟ್, ಸೊನ್ನೆ ಬಿಲ್.

"ಬೇಡ ಅಂದೆ ಅಕ್ಕಾ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವರ ಮಗಂದು ಬಟ್ಟೆ ಅಂಗಡಿ ಐತಂತೆ. ಅದರ ಬಿಲ್ ತಗೊಂಡು ನಾಳೆ ಬರ್ರಿ ಅಂದಾರೆ. ಡ್ರಿಲ್ಲಿಂಗ್ ಮಷೀನ್ ಯಾರಿಗೂ ಕೊಡಬ್ಯಾಡ್ರಿ."

ಇಂತಿ,
ನಿಮ್ಮ ಓದುಗಳು,
ನಿಟ್ಟುವಳ್ಳಿ, ದಾವಣಗೆರೆ